ಎರಡು ಮೆಟ್ಟಿಲ ಕುರ್ಚಿ

ಅಮ್ಮನಿಗೆ ತಲೆ ಸುತ್ತುತ್ತದೆ ಎಂಬುದು ಅಮ್ಮನನ್ನು ಬಿಟ್ಟರೆ ಗೊತ್ತಿದ್ದದ್ದು ನನಗೆ ಮತ್ತು ನನ್ನ ದಿನಚರಿಗೆ. ಯಾರಿಗೂ ಹೇಳುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ದಿನಚರಿಗೆ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಒಂದು ಬೆಳಿಗ್ಗೆ. ಹಾಲು ಸೀದ ವಾಸನೆ ಬಂತೆಂದು ಅಡುಗೆಮನೆಗೆ ಹೋದರೆ ಅಮ್ಮ ನೆಲದ ಮೇಲೆ ಕೂತಿದ್ದಳು. ಎರಡೂ ಕೈಯಲ್ಲಿ ಗ್ಯಾಸ್ ಸಿಲಿಂಡರಿನ ಕತ್ತು ಹಿಡಿದು, ಕಣ್ಣು ಮುಚ್ಚಿಕೊಂಡು, ಯಾರೋ ಅದನ್ನು ಕಿತ್ತುಕೊಂಡು ಹೋಗುತ್ತಾರೇನೋ ಎನ್ನುವ ಹಾಗೆ. ನಾನು ಒಲೆ ಆರಿಸಿದೆ. ಕಣ್ಣು ಬಿಡದೆಯೇ ಅಮ್ಮ, ಪಾತ್ರೆ ತಳ ಹಿಡಿದಿರುತ್ತದೆ, ನೀರು ಹಾಕಿ ನೆನೆಯಲು ಬಿಡು ಎಂದಳು. ಆಮೇಲೆ ನಿಧಾನವಾಗಿ ಎದ್ದು, ಇದು ನಾಲ್ಕನೆಯ ಸಲ ಎಂದೂ, ಮೂರನೆಯದು ಆಫೀಸಿನಲ್ಲಿ ಏಣಿಯ ಮೇಲೆ ಬಂದಿತ್ತು ಎಂದೂ ಹೇಳಿದಳು. ಆಗ ರ‍್ಯಾಕನ್ನು ತಬ್ಬಿಕೊಂಡು ಹತ್ತರವರೆಗೆ ಎಣಿಸಿದಳಂತೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಮ್ಮನ ಕೆಲಸ ದಾಖಲೆ ಕೋಣೆಯಲ್ಲಿ. ಮನೆ, ಜಮೀನುಗಳ ಹಳೆಯ ರಿಜಿಸ್ಟರುಗಳು ನೆಲದಿಂದ ಸೂರಿನವರೆಗೆ ತುಂಬಿರುವ ಕೋಣೆ. ಅಲ್ಲೊಂದು ಗಾಲಿ ಇರುವ ಕಬ್ಬಿಣದ ಏಣಿ, ಹನ್ನೆರಡು ಮೆಟ್ಟಿಲಿನದು. ಯಾರಾದರೂ ಬಂದು ನಂಬರು ಹೇಳಿ ಮುಗಿಸುವುದರೊಳಗೆ ಅಮ್ಮ ಆರನೆಯ ಮೆಟ್ಟಿಲಿನಲ್ಲಿರುತ್ತಾಳೆ. ಆಫೀಸಿನಲ್ಲಿ ಅವಳಿಗೆ ಏಣಿಯಮ್ಮ ಎಂದೇ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ನಿವೃತ್ತಿಗೆ ಇನ್ನು ಎರಡು ವರ್ಷ. ತಲೆ ಸುತ್ತುತ್ತದೆ ಎಂದು ಗೊತ್ತಾದರೆ ಬಾಗಿಲ ಹತ್ತಿರ ಕೂರಿಸಿ ಅಂಚೆ ಲಕೋಟೆಗೆ ಗೋಂದು ಹಚ್ಚಿಸುತ್ತಾರೆ ಎನ್ನುವುದು ಅವಳ ಭಯ. ಅಣ್ಣನಿಗೆ ಗೊತ್ತಾದರಂತೂ ಮುಗಿದೇ ಹೋಯಿತು. ಊರಿನ ಇನ್ನೊಂದು ತುದಿಯಲ್ಲಿರುವ ಅವನು ಮಾರನೆಯ ದಿನವೇ ಬಂದು ರಾಜೀನಾಮೆ ಬರೆಸುತ್ತಾನೆ.

"ನಿಮ್ಮಣ್ಣನ ಕಿವಿಗೆ ಬೀಳಬಾರ್ದು. ಮಾತು ಕೊಡು," ಎಂದಳು. ಕೊಟ್ಟೆ.

ಮಾತು ಕೊಡುವುದು ನನಗೆ ಸುಲಭ. ಮಾತಾಡುವುದೇ ಕಷ್ಟ. ಅಣ್ಣ ಚಿಕ್ಕಂದಿನಿಂದ ನನ್ನನ್ನು ಗುಮ್ಮಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಗುಮ್ಮನಗುಸುಕಿ ಎನ್ನುವುದರ ಮುದ್ದಿನ ರೂಪ ಅದು. ಡಿಗ್ರಿ ಮುಗಿಸಿ ಒಂದು ಮುದ್ರಣಾಲಯಕ್ಕೆ ಮನೆಯಲ್ಲೇ ಕೂತು ಕರಡು ತಿದ್ದುತ್ತೇನೆ. ಕಾಗುಣಿತ ತಪ್ಪಿದ್ದರೆ ಯಾರ ಮುಖವನ್ನೂ ನೋಡದೆ ಸುತ್ತು ಹಾಕಿ ಕಳಿಸಬಹುದು. ಮನುಷ್ಯರಿಗೆ ಹಾಗೆ ಸುತ್ತು ಹಾಕಲು ಬರುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ಅಮ್ಮನಿಗೆ ಹೇಳಬೇಕಿತ್ತು. ಮೂರು ವಾರ ಅದನ್ನು ಬಾಯಿಯವರೆಗೆ ತಂದು ನುಂಗಿದೆ. ಕೊನೆಗೆ, ಹೇಳುವ ಬದಲು ಒಂದು ಕುರ್ಚಿ ಕೊಳ್ಳೋಣ ಅನ್ನಿಸಿತು. ಎತ್ತರದ ಕುರ್ಚಿಯಾದರೆ ಅಮ್ಮ ಕೂತೇ ಅಡುಗೆ ಮಾಡಬಹುದು. ಕೂತವರು ಬೀಳುವುದು ಕಡಿಮೆ.

ಅಂಗಡಿಯಲ್ಲಿ ಒಲೆಯ ಎತ್ತರಕ್ಕೆ ಸರಿಹೊಂದುವುದು, ಬೆನ್ನಿಗೆ ಆಸರೆ ಇರುವುದು ಒಂದೇ ಒಂದು ಸಿಕ್ಕಿತು. ಕೆಂಪು ರೆಕ್ಸಿನ್ ಸೀಟು, ಫಳಫಳ ಹೊಳೆಯುವ ಉಕ್ಕಿನ ಕಾಲು, ಸೀಟಿನ ಕೆಳಗಿನಿಂದ ಮುಂದಕ್ಕೆ ಎಳೆದರೆ ಬರುವ ಎರಡು ಮೆಟ್ಟಿಲು. ಚೀಟಿಯ ಮೇಲೆ 'ರೆಟ್ರೋ' ಎಂದು ಬರೆದಿತ್ತು. ಅಂಗಡಿಯ ಯಜಮಾನರು ಇದು ಹಳೆಯ ಕಾಲದ ಮಾದರಿ, ಈಗ ಇದಕ್ಕೇ ಬೆಲೆ ಎಂದರು. ಪ್ಯಾಕಿಂಗ್ ಕೌಂಟರಿನಲ್ಲಿದ್ದ ಅಕ್ಕ ತಲೆ ಎತ್ತದೆ, ಹಳೇದನ್ನ ಗುಜರಿಗೆ ಹಾಕಿಸಿ, ಹೊಸದಾಗಿ ಹಳೇದು ಮಾಡಿ ಮಾರ್ತಾರೆ ನೋಡಿ ಎಂದರು. ಐವತ್ತು ದಾಟಿದವರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದರು.

ಅವರದೊಂದು ಪದ್ಧತಿ. ಡಬ್ಬ ಕೊಡುವ ಮುಂಚೆ ಗಿರಾಕಿಯ ಎದುರೇ ಬಿಚ್ಚಿ, ಒಂದೊಂದು ಭಾಗವನ್ನೂ ಕೌಂಟರಿನ ಮೇಲಿಟ್ಟು ಜೋರಾಗಿ ಎಣಿಸುವುದು. ಕಾಲು ನಾಲ್ಕು. ಸೀಟು ಒಂದು. ಬೆನ್ನು ಒಂದು. ಮೆಟ್ಟಿಲ ಚೌಕಟ್ಟು ಒಂದು. ಬೋಲ್ಟ್ ದೊಡ್ಡದು ಎಂಟು, ಚಿಕ್ಕದು ಆರು. ಎಣಿಸಿ ಆದ ಮೇಲೆ ಪಟ್ಟಿಯ ಚೀಟಿಯನ್ನು ನನ್ನ ಮುಂದೆ ತಳ್ಳಿ, ಟಿಕ್ ಹಾಕಿಬಿಡಿ ತಂಗಿ, ನಾಳೆ ನನ್ನ ತಲೆಗೆ ಬರಬಾರದು ಎಂದರು. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಒಬ್ಬರು ಗಂಟಲು ಸರಿಮಾಡಿಕೊಂಡರು. ಕಿವಿಯೆಲ್ಲ ಬಿಸಿಯಾಗಿ, ಇರಲಿ ಬಿಡಿ ಅಕ್ಕ, ನಂಬಿಕೆ ಇದೆ ಎಂದು ಡಬ್ಬ ಎತ್ತಿಕೊಂಡು ಬಂದುಬಿಟ್ಟೆ. ಅವರು ಚೀಟಿ ಹಿಡಿದುಕೊಂಡು ನಿಂತೇ ಇದ್ದರು.

ಅಂದು ಶನಿವಾರ. ಸಂಜೆ ಅಮ್ಮ ಡಬ್ಬದ ಮೇಲಿನ ಚಿತ್ರ ನೋಡಿದಳು. ಚಿತ್ರದಲ್ಲಿ ಒಬ್ಬ ಹೆಂಗಸು ಕುರ್ಚಿಯ ಮೆಟ್ಟಿಲಿನ ಮೇಲೆ ನಿಂತು, ನಗುತ್ತಾ, ಮೇಲಿನ ಕಪಾಟಿನಿಂದ ಏನನ್ನೋ ತೆಗೆಯುತ್ತಿದ್ದಳು. ಇಡೀ ಅಂಗಡಿಯಲ್ಲಿ ನಾನು ನೋಡದೇ ಇದ್ದದ್ದು ಅದೊಂದೇ. ಅಮ್ಮನ ಮುಖ ಅರಳಿತು. ಇದಕ್ಕೆ ಮೆಟ್ಟಿಲೂ ಇದೆಯಾ, ನಾಳೆ ಮೇಲಿನ ಹಲಗೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದುಬಿಡುತ್ತೇನೆ, ಎರಡು ವರ್ಷದ ಧೂಳು ಎಂದಳು. ಆಫೀಸಿನಲ್ಲಿ ಹತ್ತುವುದು ಸಾಲದೆಂದು ಮನೆಯಲ್ಲೂ ಹತ್ತಲು ನಾನೇ ಮೆಟ್ಟಿಲು ತಂದುಕೊಟ್ಟ ಹಾಗಾಯಿತು. ಬೇಡ ಅಮ್ಮ ಎನ್ನಲು ಬಾಯಿ ತೆರೆದೆ. ಬೇಕಾದರೆ ನಾಳೆ ನಾನೇ ಜೋಡಿಸುತ್ತೇನೆ ಎಂಬ ಮಾತು ಹೊರಗೆ ಬಂತು.

ಭಾನುವಾರ ಅಮ್ಮ ತರಕಾರಿಗೆ ಹೋದಾಗ ಅಡುಗೆಮನೆಯ ನೆಲದಲ್ಲಿ ಹಳೆಯ ದುಪ್ಪಟಿ ಹಾಸಿ ಕೂತೆ. ಸೂಚನೆಯ ಹಾಳೆಯಲ್ಲಿ ಮೂರು ಅಕ್ಷರ ತಪ್ಪು ಸಿಕ್ಕಿತು. ಅಭ್ಯಾಸ ಬಲ, ಪೆನ್ಸಿಲಿನಲ್ಲಿ ತಿದ್ದಿದೆ. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಎಲ್ಲ ಕೂತ ಮೇಲೆ ಬಿಗಿ ಮಾಡಬೇಕು ಎಂದು ಬರೆದಿತ್ತು. ನಾನು ಒಂದನೆಯದನ್ನೇ ಜೀವ ಹೋಗುವಷ್ಟು ಬಿಗಿದಿದ್ದೆ. ನಾಲ್ಕನೆಯ ಕಾಲಿನ ತೂತು ಎದುರು ಬದುರಾಗಲೇ ಇಲ್ಲ. ಮತ್ತೆ ಎಲ್ಲ ಬಿಚ್ಚಿ, ಸಡಿಲ ಮಾಡಿ, ಕುರ್ಚಿಯನ್ನು ನೆಲದ ಮೇಲೆ ಒಮ್ಮೆ ಅಲ್ಲಾಡಿಸಿದ ಮೇಲೆ ಕಾಲುಗಳು ತಮ್ಮ ಜಾಗಕ್ಕೆ ಬಂದವು. ಕೊನೆಗೆ ಮೆಟ್ಟಿಲ ಚೌಕಟ್ಟು. ಅದನ್ನೂ ಕೂರಿಸಿದೆ. ಎಳೆದರೆ ಟಕ್ಕೆಂದು ಹೊರಗೆ ಬಂದು ನಿಂತಿತು. ಪರೀಕ್ಷೆ ಮಾಡೋಣವೆಂದು ಹತ್ತಿದೆ. ಎರಡನೆಯ ಮೆಟ್ಟಿಲಿನಲ್ಲಿ ನಿಂತರೆ ಮೇಲಿನ ಹಲಗೆ ಎದೆಯ ಮಟ್ಟಕ್ಕೆ ಬಂತು. ಕೆಳಗೆ ನೋಡಿದೆ. ಒಲೆಯ ಕಬ್ಬಿಣ, ಕಟ್ಟೆಯ ಕಲ್ಲಿನ ಮೂಲೆ, ಸಿಲಿಂಡರಿನ ಕತ್ತು. ಬಿದ್ದರೆ ತಲೆ ಯಾವುದಕ್ಕೆ ಹೊಡೆಯುತ್ತದೆ ಎಂದು ಒಂದೊಂದಾಗಿ ಲೆಕ್ಕ ಹಾಕಿದೆ.

ಇಳಿದವಳೇ ಚೌಕಟ್ಟು ಬಿಚ್ಚಿದೆ. ಅದರ ಆರು ಬೋಲ್ಟುಗಳ ಸಮೇತ, ನನ್ನ ಮಂಚದ ಕೆಳಗಿದ್ದ ಹಳೆಯ ಕರಡುಗಳ ಚೀಲದಲ್ಲಿ ತುರುಕಿದೆ. ಅಮ್ಮ ಬಂದು ಕುರ್ಚಿ ನೋಡಿ, ಕೂತು, ಬೆನ್ನು ಒರಗಿಸಿ, ಆಹಾ ಎಂದಳು. ಆಮೇಲೆ ಬಗ್ಗಿ ಕೆಳಗೆ ನೋಡಿದಳು.

"ಮೆಟ್ಟಿಲೆಲ್ಲಿ?"

"ಬಂದಿಲ್ಲಮ್ಮ. ಡಬ್ಬದಲ್ಲಿ ಇರ‍್ಲಿಲ್ಲ."

ಇಷ್ಟು ಸರಾಗವಾಗಿ ನಾನು ನಿಜವನ್ನೂ ಯಾವತ್ತೂ ಹೇಳಿದವಳಲ್ಲ. ಸದ್ಯ ಇದು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವವಳು ನಮ್ಮಣ್ಣನನ್ನು ಮರೆತಿದ್ದಳು.

ಅಣ್ಣ ಬಸ್ ಡಿಪೋದಲ್ಲಿ ಫಿಟ್ಟರ್. ಮಧ್ಯಾಹ್ನ ಊಟಕ್ಕೆ ಬಂದವನು ಕುರ್ಚಿಯನ್ನು ತಲೆಕೆಳಗು ಮಾಡಿ, ಬೆರಳಿನಲ್ಲಿ ತೂತುಗಳನ್ನು ಮುಟ್ಟಿ ನೋಡಿದ. ತೂತು ಇದ್ದ ಮೇಲೆ ಬೋಲ್ಟ್ ಇರಲೇಬೇಕು, ಗುಮ್ಮಿಯ ಮುಖ ನೋಡಿ ಟೋಪಿ ಹಾಕಿದ್ದಾರೆ ಎಂದ. ಬೇಡ ಬಿಡೋ, ಕೂರಲು ಚೆನ್ನಾಗಿದೆಯಲ್ಲ ಎಂದೆ. ನೀನು ಸುಮ್ಮನಿರು, ನಿನ್ನಂಥವರು ಇರುವುದರಿಂದಲೇ ಅಂಗಡಿಯವರು ಕೊಬ್ಬಿರುವುದು ಎಂದು, ಅಲ್ಲೇ ನಿಂತು ಅಂಗಡಿಗೆ ಫೋನು ಮಾಡಿ ಯಜಮಾನರ ಬೆವರಿಳಿಸಿದ. ಅಮ್ಮ ಕೂತಲ್ಲಿಂದಲೇ, ಹಾಗೆ ಹೇಳು, ಹೀಗೆ ಹೇಳು ಎಂದು ಕೈ ಮಾಡುತ್ತಿದ್ದಳು.

ಸೋಮವಾರ ಸಂಜೆ ಅವನ ಫೋನು ಬಂತು. ಶನಿವಾರ ಬೇರೆ ಮೆಟ್ಟಿಲು ಮನೆಗೇ ಬರುತ್ತದಂತೆ. ಪ್ಯಾಕಿಂಗಿನ ಹೆಂಗಸಿನ ಮೇಲೆ ಈಗಾಗಲೇ ಎರಡು ದೂರು ಇತ್ತಂತೆ. ಎಣಿಸಿಯೇ ಕೊಟ್ಟೆ ಎಂದು ಅವಳು ಹಟ ಮಾಡಿದಳಂತೆ, ಹಾಗಾದರೆ ಟಿಕ್ ಹಾಕಿದ ಚೀಟಿ ತೋರಿಸು ಎಂದರೆ ತೋರಿಸಲಿಲ್ಲವಂತೆ. ನಾಳೆಯಿಂದ ಬರಬೇಡ ಎಂದಿದ್ದಾರಂತೆ. "ಚೆನ್ನಾಗಿ ಬಿಸಿ ಮುಟ್ಟಿಸಿದೆ," ಎಂದ ಅಣ್ಣ. ಅವನ ದನಿಯಲ್ಲಿ ತಂಗಿಗೆ ಏನೋ ಮಾಡಿಕೊಟ್ಟ ಸಂತೋಷವಿತ್ತು.

ದಿನಚರಿ ತೆಗೆದು ಕೂತೆ. ತಾರೀಕು ಬರೆದು, 'ಪ್ಯಾಕಿಂಗ್ ಅಕ್ಕ' ಎಂದು ಬರೆದು, ಮುಂದಕ್ಕೆ ಏನೂ ಬರೆಯಲಾಗಲಿಲ್ಲ. ನಾನು ಚೀಟಿಗೆ ಟಿಕ್ ಹಾಕಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಈಗ ನಿಜ ಹೇಳಿದರೆ, ಯಾಕೆ ಬಚ್ಚಿಟ್ಟೆ ಎಂದು ಅಣ್ಣ ಕೇಳೇ ಕೇಳುತ್ತಾನೆ. ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಒಂದೇ, ಮತ್ತು ಅದು ನನ್ನದಲ್ಲ, ಅಮ್ಮನದು. ಹೇಳದಿದ್ದರೆ ಶನಿವಾರ ಹೊಸ ಮೆಟ್ಟಿಲು ಬಂದು ಅಮ್ಮ ಹತ್ತುತ್ತಾಳೆ, ಆ ಅಕ್ಕ ಮನೆಯಲ್ಲಿ ಕೂರುತ್ತಾರೆ. ಮಾತು ಉಳಿಸಿಕೊಂಡದ್ದಕ್ಕೆ ಸಿಕ್ಕುವುದು ಇಷ್ಟು.

ಮಂಗಳವಾರ ಅಮ್ಮ ಆಫೀಸಿಗೆ ಹೋದ ಮೇಲೆ ಚೌಕಟ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆ. ಅಂಗಡಿಯ ಶಟರು ಇನ್ನೂ ಎತ್ತಿರಲಿಲ್ಲ. ಜಗಲಿಯ ಮೇಲೆ ಆ ಪ್ಯಾಕಿಂಗ್ ಅಕ್ಕ ಕೂತಿದ್ದರು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು. ಯಜಮಾನರನ್ನು ಇನ್ನೊಂದು ಸಲ ಕೇಳಿ ನೋಡಲು ಬಂದಿದ್ದರು. ನನ್ನನ್ನು ಗುರುತು ಹಿಡಿದರು. ನಾನು ಪೇಪರು ಬಿಚ್ಚಿ ಅವರ ಪಕ್ಕದಲ್ಲಿ ಇಟ್ಟೆ. ಅವರು ಚೌಕಟ್ಟನ್ನು ನೋಡಿದರು, ಬೋಲ್ಟಿನ ಪೊಟ್ಟಣ ತೆಗೆದು ಆರೂ ಇವೆಯಾ ಎಂದು ಎಣಿಸಿದರು.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ವಾಸಿಯಿತ್ತು. ಯಾಕೆ ಎಂದು ಮಾತ್ರ ಕೇಳಿದರು. ಹೇಳಿದೆ. ಮೂರು ವಾರ ನುಂಗಿಕೊಂಡಿದ್ದದ್ದು ಒಬ್ಬ ಗುರುತಿಲ್ಲದವರ ಎದುರು, ರಸ್ತೆ ಬದಿಯಲ್ಲಿ, ಅಡ್ಡಾದಿಡ್ಡಿಯಾಗಿ ಹೊರಗೆ ಬಿತ್ತು. ಅಮ್ಮ ಎಲ್ಲಿ ಕೆಲಸ ಮಾಡುವುದು ಎಂದು ಕೇಳಿದರು. ದಾಖಲೆ ಕೋಣೆ, ಏಣಿ, ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಮನೇಲಿರೋ ಎರಡು ಮೆಟ್ಟಿಲು ಬಚ್ಚಿಟ್ಟೆ," ಎಂದರು. "ಆಫೀಸಲ್ಲಿರೋ ಹನ್ನೆರಡನ್ನ ಹಾಗೇ ಬಿಟ್ಟಿದ್ದೀಯಲ್ಲ ತಂಗಿ."

ಯಜಮಾನರು ಬಂದರು. ಭಾಗ ಡಬ್ಬದಲ್ಲೇ ಇತ್ತು, ತಪ್ಪು ನನ್ನದು ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಿಮ್ಮಣ್ಣ ನಮ್ಮ ಮೂರು ತಲೆಮಾರನ್ನು ಎತ್ತಿ ಆಡಿದರಲ್ಲ, ಅವರಿಗೂ ಒಂದು ಮಾತು ಹೇಳಿಬಿಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡರು. ದಯವಿಟ್ಟು ಬೇಡ, ಇವತ್ತು ಸಂಜೆ ನಾನೇ ಹೇಳುತ್ತೇನೆ ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಒಳಗೆ ಬರುತ್ತಿದ್ದ ಗಿರಾಕಿ ತಿರುಗಿ ನೋಡಿದರು. ಅಕ್ಕ ಅಷ್ಟರಲ್ಲಿ ತಮ್ಮ ಕೌಂಟರಿನ ಹಿಂದೆ ಹೋಗಿ ನಿಂತಾಗಿತ್ತು. ಡ್ರಾಯರಿನಿಂದ ನನ್ನ ಚೀಟಿಯನ್ನೇ ಹುಡುಕಿ ತೆಗೆದು ಮುಂದೆ ತಳ್ಳಿದರು. ಟಿಕ್ ಹಾಕಿದೆ, ಒಂದೊಂದಕ್ಕೂ.

ಸಂಜೆ ಅಣ್ಣನನ್ನು ಬರಹೇಳಿದೆ. ಗುಮ್ಮಿ ತಾನಾಗಿ ಫೋನು ಮಾಡಿದಳು ಎಂದರೆ ಏನೋ ಆಗಿದೆ ಎಂದು ಅವನು ಗ್ರೀಸಿನ ಕೈಯಲ್ಲೇ ಬಂದ. ಅಮ್ಮ ಆಗಷ್ಟೇ ಆಫೀಸಿನಿಂದ ಬಂದು ಕೆಂಪು ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ವಾಪಸು ತಂದಿದ್ದ ಚೌಕಟ್ಟನ್ನು ಇಬ್ಬರ ನಡುವೆ ನೆಲದ ಮೇಲಿಟ್ಟೆ. ಅದು ಡಬ್ಬದಲ್ಲೇ ಇತ್ತು, ಬಚ್ಚಿಟ್ಟದ್ದು ನಾನು ಎಂದೆ. ಅಮ್ಮನಿಗೆ ತಕ್ಷಣ ಅರ್ಥವಾಯಿತು. ಬೇಡ ಎಂದು ಕಣ್ಣಿನಲ್ಲೇ ಹೇಳಿದಳು. ನಾನು ಅವಳ ಕಣ್ಣು ಬಿಟ್ಟು ಅವಳ ಕಾಲಬೆರಳು ನೋಡುತ್ತಾ ಉಳಿದದ್ದನ್ನೂ ಹೇಳಿದೆ.

"ಇವಳಿಗೇನೋ ಭ್ರಾಂತಿ," ಎಂದಳು ಅಮ್ಮ, ಅಣ್ಣನಿಗೆ. "ಹೊಟ್ಟೆ ಖಾಲಿ ಇದ್ರೆ ಯಾರಿಗಾದ್ರೂ ಒಂದ್ಸಲ ತಲೆ ತಿರುಗುತ್ತೆ."

ಒಂದು ಸಲವಲ್ಲ ಎಂದೆ. ಹದಿನಾಲ್ಕನೆಯ ತಾರೀಕು ಬೆಳಿಗ್ಗೆ, ಹಾಲು ಸೀದ ದಿನ. ಅದಕ್ಕೂ ಮುಂಚೆ ಆಫೀಸಿನ ಏಣಿಯ ಮೇಲೆ. ಇಪ್ಪತ್ತೆರಡು, ಬಚ್ಚಲಿನ ಬಾಗಿಲ ಹತ್ತಿರ, ಗೋಡೆ ಹಿಡಿದು ನಿಂತದ್ದು. ಹೋದ ಗುರುವಾರ, ಚಪ್ಪಲಿ ಹಾಕಿಕೊಳ್ಳುವಾಗ.

ಅಮ್ಮ ನನ್ನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

"ಬರೆದಿಟ್ಟಿದ್ದೀಯಾ?" ಎಂದಳು. "ನನ್ನನ್ನ ನೋಡ್ನೋಡಿ, ಬರೆದಿಟ್ಟಿದ್ದೀಯಾ?"

ಅಣ್ಣ ಬಯ್ಯಲಿಲ್ಲ. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಾಳೆ ಡಾಕ್ಟರ ಹತ್ತಿರ ಹೋಗುವುದು, ಎಂಟು ಗಂಟೆಗೆ ಸಿದ್ಧವಾಗಿರು ಎಂದು ಮಾತ್ರ ಹೇಳಿದ. ಹೊರಡುವಾಗ, ಆ ಅಂಗಡಿಯವರನ್ನು ಅಷ್ಟು ಬೈದೆನಲ್ಲೇ ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಗೊಣಗಿದ.

ಡಾಕ್ಟರು ಕಿವಿ ನೋಡಿದರು, ಮಲಗಿಸಿ ಕತ್ತು ತಿರುಗಿಸಿದರು, ರಕ್ತ ಪರೀಕ್ಷೆ ಬರೆದುಕೊಟ್ಟರು. ಕಿವಿಯ ಒಳಗಿನ ತೊಂದರೆ ಇರಬಹುದು, ಪರೀಕ್ಷೆ ಬರಲಿ, ಅಲ್ಲಿಯವರೆಗೆ ಏಣಿಯ ಹತ್ತಿರ ಸುಳಿಯಬೇಡಿ ಎಂದರು. ಮನೆಗೆ ಬಂದ ಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಕೆಲಸ ಬಿಟ್ಟುಬಿಡು ಎಂದು ಅಣ್ಣ. ಬಿಟ್ಟು ನಿನ್ನ ಮನೆ ಬಾಗಿಲು ಕಾಯಲಾ ಎಂದು ಅಮ್ಮ. ಕೊನೆಗೆ ಅಮ್ಮನೇ ಮೇಜಿನ ಮೇಲೊಂದು ಬಿಳಿ ಹಾಳೆ ತಂದಿಟ್ಟು ನನ್ನನ್ನು ಕರೆದಳು.

"ಕೂತು ಮಾಡೋ ಕೆಲಸ ಕೊಡಿ ಅಂತ ಸಾಹೇಬ್ರಿಗೆ ಒಂದು ಅರ್ಜಿ ಬರಿ. ಬರೆಯೋದು ಚೆನ್ನಾಗಿ ಬರುತ್ತಲ್ಲ ನಿಂಗೆ."

ಚುಚ್ಚಿದ್ದು ಗೊತ್ತಾಯಿತು. ಬರೆಯತೊಡಗಿದೆ. ಮಾನ್ಯರೇ, ಇಪ್ಪತ್ತಾರು ವರ್ಷಗಳಿಂದ ತಮ್ಮ ಕಚೇರಿಯಲ್ಲಿ ಎಂದು ಅಮ್ಮ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಕಾರಣದ ಜಾಗ ಬಂದಾಗ, ಮೊಣಕಾಲು ನೋವು ಎಂದು ಹಾಕು ಎಂದಳು. ಮೊಣಕಾಲು ಎಲ್ಲರಿಗೂ ನೋಯುತ್ತದೆ. ತಲೆ ಎಂದರೆ ಜನ ಬೇರೆಯೇ ಅರ್ಥ ಮಾಡುತ್ತಾರೆ.

ಪೆನ್ನು ನಿಂತಿತು. ಮೊಣಕಾಲು ಎಂದು ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಯಾವತ್ತೋ ಅವಸರದಲ್ಲಿ ಸಾಹೇಬರು, ಇದೊಂದು ಸಲ ಏಣಿಯಮ್ಮ ಎನ್ನುತ್ತಾರೆ. ನೋವು ತಾನೇ ಎಂದು ಇವಳು ಹತ್ತಿಬಿಡುತ್ತಾಳೆ.

"ತಲೆಸುತ್ತು ಅಂತಲೇ ಬರೀತೀನಿ," ಎಂದೆ.

"ನಾನು ಹೇಳಿದ್ದು ಬರಿ."

"ಇಲ್ಲಮ್ಮ."

ಬರೆದೆ. ಅಮ್ಮ ಹಾಳೆ ಎಳೆದುಕೊಂಡು ಎರಡು ಸಲ ಓದಿದಳು. ಆ ಪದದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಮತ್ತೆ ತೆಗೆದಳು. ಸಹಿ ಮಾಡಿದಳು, ಹಾಳೆ ಹರಿಯುವ ಹಾಗೆ ಒತ್ತಿ. ಆಮೇಲೆ ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು. ಉಪ್ಪು ಮುಗಿದಿದೆ, ಬಾಗಿಲು ಹಾಕಿಲ್ಲ ಎಂದು. ನಾನು ಗೋಡೆಯ ಪರವಾಗಿ ಉಪ್ಪು ತಂದೆ, ಬಾಗಿಲು ಹಾಕಿದೆ. ದಿನಚರಿ ಬರೆಯಲು ಕೈ ಬರಲಿಲ್ಲ. ತೆರೆದಾಗಲೆಲ್ಲ ಅವಳು ಕೇಳಿದ ಪ್ರಶ್ನೆಯೇ ಎದ್ದು ಬರುತ್ತಿತ್ತು.

ಐದನೆಯ ದಿನ ಆಫೀಸಿನಿಂದ ಬಂದವಳು ಚೀಲ ಇಡುವ ಮೊದಲೇ ಅಣ್ಣನಿಗೆ ಫೋನು ಮಾಡಿದಳು. ಗೋಂದು ಹಚ್ಚಲು ಕೂರಿಸಲಿಲ್ಲವಂತೆ. ಏಣಿಗೆ ಒಬ್ಬ ಹೊಸ ಗುಮಾಸ್ತನನ್ನು ಹಾಕಿ, ಅವನಿಗೆ ಜಾಗ ತೋರಿಸಲು ಇವಳನ್ನು ಕೆಳಗೆ ನಿಲ್ಲಿಸಿದರಂತೆ. ಪಕ್ಕದ ಕೋಣೆಯಲ್ಲಿ ಕರಡು ಹಿಡಿದು ಕೂತಿದ್ದ ನನಗೆ ಒಂದೊಂದು ಮಾತೂ ಕೇಳುತ್ತಿತ್ತು. ಅಮ್ಮ ಎಂದಿಗಿಂತ ಜೋರಾಗಿಯೇ ಮಾತಾಡುತ್ತಿದ್ದಳು.

"ಇಷ್ಟು ವರ್ಷಕ್ಕೆ ಆ ಏಣೀನ ಕೆಳಗಿಂದ ನೋಡಿದ್ದು ಇವತ್ತೇ ಕಣೋ. ಅವನ ಚಪ್ಪಲಿಯ ತಳ ನೋಡ್ತಾ ನಿಂತಿದ್ದೆ. ಎಡಕ್ಕೆ ಅಂದೆ, ಇನ್ನೂ ಎಡಕ್ಕೆ ಅಂದೆ. ಕಾಲು ನಡುಗ್ತಿತ್ತು ಪಾಪ. ನಾನು ಹಿಡ್ಕೊಂಡಿದ್ದೀನಿ, ಬೀಳಲ್ಲ ಬಿಡಪ್ಪ ಅಂದೆ." ಕೊನೆಗೆ, "ಎಷ್ಟು ಎತ್ತರ ಇದೆಯೋ ಅದು," ಎಂದಳು.

ಫೋನು ಇಟ್ಟ ಮೇಲೆ ಚೀಲ ಇಟ್ಟ ಸದ್ದಾಯಿತು. ಆಮೇಲೆ ಬಾಗಿಲವರೆಗೆ ಬಂದು, ನನ್ನ ಮುಖ ನೋಡದೆ, ನಾಳೆಗೆ ನನ್ನ ಬಟ್ಟೆ ಇಸ್ತ್ರಿ ಆಗಿದೆಯಾ ಎಂದು ಕೇಳಿದಳು. ಕೇಳಿದ್ದು ಗೋಡೆಯನ್ನಲ್ಲ. ಆಗಿರಲಿಲ್ಲ. ಎದ್ದು ಹೋಗಿ ಮಾಡಿದೆ.